ಟಾಮ್ ಬ್ರ್ಯಾಡ್ಲಿ (1917–1998): ಪೊಲೀಸ್ ಸೇವೆಯಿಂದ ಮೇಯರ್ ಹುದ್ದೆಯವರೆಗೆ

ವಿವಿಧ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಅವಗಾಹನೆಗಾಗಿ, ಸಾರ್ವಜನಿಕ ಸೇವೆಯಲ್ಲಿ ಹೆಸರಾದ ವ್ಯಕ್ತಿಯೊಬ್ಬರ ಜೀವನ ಪರಿಚಯವನ್ನು ಈ ಪುಟದಲ್ಲಿ ನೀಡಲಾಗಿದೆ.

ಪೀಠಿಕೆ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಲಾಸ್ ಏಂಜಲೀಸ್ ನಗರಕ್ಕೆ ವಿದೇಶಗಳಿಂದ ಬರುವ ಪ್ರಯಾಣಿಕರಲ್ಲಿ ಹೆಚ್ಚಿನವರು ಇಳಿಯುವ ವಿಮಾನ ನಿಲ್ದಾಣದ ಕಟ್ಟಡಕ್ಕೆ ಟಾಮ್ ಬ್ರ್ಯಾಡ್ಲಿಯವರ ಹೆಸರನ್ನು ಇಡಲಾಗಿದೆ. ಅಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಹೋಗಿ ಬರುವ ಕನ್ನಡಿಗರಿಗೂ ಈ ಹೆಸರು ಪರಿಚಿತವಾಗಿದೆ. ಆದರೆ ಆ ಹೆಸರಿನ ವ್ಯಕ್ತಿಯು ಅದೇ ನಗರದ ಪೊಲೀಸ್ ಇಲಾಖೆಯಲ್ಲಿ 21 ವರ್ಷ ಸೇವೆ ಸಲ್ಲಿಸಿ, ನಂತರ 20 ವರ್ಷಗಳ ಕಾಲ ಆ ನಗರದ ಮೇಯರ್ ಆಗಿದ್ದರು ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ.

ನಮ್ಮ ರಾಜ್ಯದ ವ್ಯವಸ್ಥೆಗೂ ಅಲ್ಲಿನ ವ್ಯವಸ್ಥೆಗೂ ಇರುವ ಎರಡು ವ್ಯತ್ಯಾಸಗಳನ್ನು ಆರಂಭದಲ್ಲಿಯೇ ಗಮನಿಸುವುದು ಸೂಕ್ತ. ಮೊದಲನೆಯದಾಗಿ, ನಮ್ಮಲ್ಲಿ ಪೊಲೀಸ್ ಇಲಾಖೆಯು ರಾಜ್ಯ ಸರ್ಕಾರದ ಅಧೀನದಲ್ಲಿದೆ. ಅಮೆರಿಕದ ದೊಡ್ಡ ನಗರಗಳು ಸಾಮಾನ್ಯವಾಗಿ ತಮ್ಮದೇ ಪೊಲೀಸ್ ಇಲಾಖೆಯನ್ನು ಹೊಂದಿರುತ್ತವೆ. ಎರಡನೆಯದಾಗಿ, ನಮ್ಮ ಮಹಾನಗರ ಪಾಲಿಕೆಗಳಲ್ಲಿ ಚುನಾಯಿತ ಸದಸ್ಯರು ಸೇರಿ ಮೇಯರ್ ಅವರನ್ನು ಆಯ್ಕೆ ಮಾಡುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಮತದಾರರೇ ನಾಲ್ಕು ವರ್ಷಗಳ ಅವಧಿಗೆ ಮೇಯರ್ ಅವರನ್ನು ನೇರವಾಗಿ ಆರಿಸುತ್ತಿದ್ದರು.

ಜನನ ಮತ್ತು ಬಾಲ್ಯ

ಬ್ರ್ಯಾಡ್ಲಿಯವರು 1917ರ ಡಿಸೆಂಬರ್ 29ರಂದು ಟೆಕ್ಸಾಸ್ ರಾಜ್ಯದ ಕ್ಯಾಲ್ವರ್ಟ್ ಎಂಬ ಊರಿನ ಸಮೀಪ ಮರದ ದಿಮ್ಮಿಗಳಿಂದ ಕಟ್ಟಿದ ಮನೆಯೊಂದರಲ್ಲಿ ಜನಿಸಿದರು. ಅವರ ಪೂರ್ವಿಕರು ಗುಲಾಮಗಿರಿಯಲ್ಲಿದ್ದವರು. ತಂದೆ ತಾಯಿಗಳು ಬೆಳೆಯಲ್ಲಿ ಪಾಲು ನೀಡುವ ಕರಾರಿನ ಮೇಲೆ ಬೇರೆಯವರ ಜಮೀನಿನಲ್ಲಿ ಹತ್ತಿ ಬೆಳೆಯುತ್ತಿದ್ದರು. ಕುಟುಂಬವು ಕೆಲಸ ಅರಸಿ ಅರಿಜೋನಾ ರಾಜ್ಯದ ಹತ್ತಿ ಹೊಲಗಳಿಗೆ ಹೋಗಿ, 1924ರಲ್ಲಿ ಲಾಸ್ ಏಂಜಲೀಸ್ ನಗರವನ್ನು ಸೇರಿತು. ಅಲ್ಲಿ ತಂದೆ ರೈಲ್ವೆಯಲ್ಲಿ ಪೋರ್ಟರ್ ಆಗಿಯೂ ತಾಯಿ ಇತರರ ಮನೆಗಳಲ್ಲಿ ಮನೆಗೆಲಸದವರಾಗಿಯೂ ದುಡಿದರು. ಮುಂದೆ ದಂಪತಿಗಳು ಬೇರೆಯಾದ ಕಾರಣ ಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿದ್ದಿತು.

ವಿದ್ಯಾಭ್ಯಾಸ

ಬಾಲಕ ಬ್ರ್ಯಾಡ್ಲಿ ಓಟದಲ್ಲಿ ಹಾಗೂ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಮುಂದಿದ್ದರು. ಬಿಳಿಯ ವಿದ್ಯಾರ್ಥಿಗಳೇ ಅಧಿಕವಾಗಿದ್ದ ಪಾಲಿಟೆಕ್ನಿಕ್ ಪ್ರೌಢಶಾಲೆಯಲ್ಲಿ ಅವರು ವಿದ್ಯಾರ್ಥಿ ಸಂಘದ ನಾಯಕತ್ವವನ್ನು ಪಡೆದರು. 1937ರಲ್ಲಿ ಕ್ರೀಡಾ ವಿದ್ಯಾರ್ಥಿವೇತನದ ನೆರವಿನಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಗೆ ಪ್ರವೇಶ ಪಡೆದರು. 1940ರಲ್ಲಿ ನಗರ ಪೊಲೀಸ್ ಇಲಾಖೆಯ ನೇಮಕಾತಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಅವರು ಪದವಿ ವ್ಯಾಸಂಗವನ್ನು ಪೂರ್ಣಗೊಳಿಸದೆ ನೌಕರಿಗೆ ಸೇರಿದರು. 1941ರಲ್ಲಿ ಎಥೆಲ್ ಆರ್ನಾಲ್ಡ್ ಅವರೊಂದಿಗೆ ವಿವಾಹವಾಯಿತು.

ಪೊಲೀಸ್ ಸೇವೆ (1940–1961)

ಬ್ರ್ಯಾಡ್ಲಿಯವರು ಇಲಾಖೆಗೆ ಸೇರಿದಾಗ ಕಪ್ಪು ವರ್ಣೀಯ ಪೊಲೀಸರ ಸಂಖ್ಯೆ ಕಡಿಮೆಯಿತ್ತು. ಅವರನ್ನು ಬಹುಮಟ್ಟಿಗೆ ಕಪ್ಪು ವರ್ಣೀಯರು ವಾಸಿಸುವ ಬಡಾವಣೆಗಳ ಠಾಣೆಗೆ ಅಥವಾ ನಗರ ಮಧ್ಯದ ಸಂಚಾರ ನಿಯಂತ್ರಣ ಕೆಲಸಕ್ಕೆ ಮಾತ್ರ ನಿಯೋಜಿಸುವ ಪದ್ಧತಿಯಿತ್ತು. ಬಿಳಿಯ ಮತ್ತು ಕಪ್ಪು ವರ್ಣೀಯ ಸಿಬ್ಬಂದಿಯನ್ನು ಒಂದೇ ಗಸ್ತು ವಾಹನದಲ್ಲಿ ಜೊತೆಯಾಗಿ ಕಳುಹಿಸುತ್ತಿರಲಿಲ್ಲ.

ಇಂತಹ ಸ್ಥಿತಿಯಲ್ಲಿ ಅವರು ಬಾಲಾಪರಾಧ ವಿಭಾಗ, ಪತ್ತೇದಾರಿ ಕೆಲಸ ಹಾಗೂ ಸಾರ್ವಜನಿಕ ಸಂಪರ್ಕ ವಿಭಾಗಗಳಲ್ಲಿ ಸೇವೆ ಸಲ್ಲಿಸಿದರು. ಬಡಾವಣೆಗಳ ಸಂಘ ಸಂಸ್ಥೆಗಳು, ಚರ್ಚುಗಳು ಮತ್ತು ವ್ಯಾಪಾರಿಗಳೊಂದಿಗೆ ಇಲಾಖೆಯ ಪರವಾಗಿ ಮಾತುಕತೆ ನಡೆಸುವುದು ಅವರ ಕರ್ತವ್ಯದ ಭಾಗವಾಗಿತ್ತು. ಇದರಿಂದ ನಗರದ ಬೇರೆ ಬೇರೆ ಸಮುದಾಯಗಳ ಪರಿಚಯ ಅವರಿಗೆ ಲಭಿಸಿತು. ಅವರು ಲೆಫ್ಟಿನೆಂಟ್ ದರ್ಜೆಯವರೆಗೆ ಬಡ್ತಿ ಪಡೆದರು. ಆ ದರ್ಜೆಯನ್ನು ಮೀರಿ ಕಪ್ಪು ವರ್ಣೀಯ ಅಧಿಕಾರಿಯೊಬ್ಬರು ಮೇಲೇರುವ ಅವಕಾಶ ಆ ಕಾಲದಲ್ಲಿ ಇರಲಿಲ್ಲವೆಂದೇ ಹೇಳಬೇಕು. ತಮ್ಮ ಅಧೀನದ ಗಸ್ತು ವಾಹನಗಳಲ್ಲಿ ಉಭಯ ವರ್ಣದ ಸಿಬ್ಬಂದಿಯನ್ನು ಒಟ್ಟಿಗೆ ನಿಯೋಜಿಸಲು ಅವರು ಪ್ರಯತ್ನಿಸಿದರಾದರೂ ಸಹೋದ್ಯೋಗಿಗಳ ವಿರೋಧದಿಂದಾಗಿ ಅದು ಫಲಿಸಲಿಲ್ಲ.

ಖಾಸಗಿ ಜೀವನದಲ್ಲಿಯೂ ಇದೇ ಅನುಭವವಾಯಿತು. ಬಿಳಿಯರೇ ವಾಸವಾಗಿದ್ದ ಲೈಮರ್ಟ್ ಪಾರ್ಕ್ ಬಡಾವಣೆಯಲ್ಲಿ ಮನೆ ಖರೀದಿಸಲು ದಂಪತಿಗಳು ಬಿಳಿಯ ಪರಿಚಿತರೊಬ್ಬರ ಮಧ್ಯಸ್ಥಿಕೆಯನ್ನು ಪಡೆಯಬೇಕಾಯಿತು. ನಗರದ ಕಾನೂನನ್ನು ಜಾರಿಗೊಳಿಸುವ ಅಧಿಕಾರಿಗೆ ಅದೇ ನಗರದಲ್ಲಿ ತನ್ನ ಹೆಸರಿನಲ್ಲಿ ನೇರವಾಗಿ ಮನೆ ಕೊಳ್ಳುವುದು ಸುಲಭವಾಗಿರಲಿಲ್ಲ.

ಇಲಾಖೆಯೊಳಗಿನ ದಾರಿ ಮುಚ್ಚಿದೆಯೆಂದು ಅರಿತ ಅವರು ಕರ್ತವ್ಯದ ನಂತರದ ವೇಳೆಯಲ್ಲಿ ಕಾನೂನು ವ್ಯಾಸಂಗ ಮಾಡಿದರು. 1956ರಲ್ಲಿ ಸೌತ್‌ವೆಸ್ಟರ್ನ್ ಕಾನೂನು ಶಾಲೆಯಿಂದ ಪದವಿ ಪಡೆದರು. 1961ರಲ್ಲಿ ಪೊಲೀಸ್ ಸೇವೆಯಿಂದ ನಿವೃತ್ತರಾಗಿ ವಕೀಲ ವೃತ್ತಿಯನ್ನು ಕೈಗೊಂಡರು.

ನಗರ ಪರಿಷತ್ತಿನ ಸದಸ್ಯತ್ವ (1963–1973)

ಲಾಸ್ ಏಂಜಲೀಸ್ ನಗರ ಪರಿಷತ್ತಿನಲ್ಲಿ 15 ಸ್ಥಾನಗಳಿವೆ. 1961ರಲ್ಲಿ ಹತ್ತನೆಯ ಕ್ಷೇತ್ರದ ಸ್ಥಾನವು ತೆರವಾದಾಗ ಅದನ್ನು ನೇಮಕದ ಮೂಲಕ ತುಂಬುವ ಅಧಿಕಾರ ಪರಿಷತ್ತಿಗೇ ಇತ್ತು. ಬ್ರ್ಯಾಡ್ಲಿಯವರು ಆ ಸ್ಥಾನವನ್ನು ಕೋರಿದರು. ಬಡಾವಣೆಯ ಅನೇಕ ನಿವಾಸಿಗಳು ಅವರನ್ನು ಬೆಂಬಲಿಸಿದರು. ಪರಿಷತ್ತು ಅವರನ್ನು ಬದಿಗಿರಿಸಿ ಜೋ ಹಾಲಿಂಗ್ಸ್‌ವರ್ತ್ ಎಂಬುವರನ್ನು ನೇಮಿಸಿತು.

ಕೋರಿಕೆ ತಿರಸ್ಕೃತವಾದ ಮೇಲೆ ಬ್ರ್ಯಾಡ್ಲಿಯವರು ಎರಡು ವರ್ಷ ಕಾದು, 1963ರ ಚುನಾವಣೆಯಲ್ಲಿ ಅದೇ ಹಾಲಿಂಗ್ಸ್‌ವರ್ತ್ ಅವರನ್ನು ಏಳು ಸಾವಿರಕ್ಕೂ ಹೆಚ್ಚಿನ ಮತಗಳ ಅಂತರದಿಂದ ಸೋಲಿಸಿದರು. ಕ್ಷೇತ್ರದಲ್ಲಿ ಕಪ್ಪು ವರ್ಣೀಯರು ಬಹುಸಂಖ್ಯಾತರಾಗಿರಲಿಲ್ಲ. ಬಿಳಿಯರು, ಯಹೂದಿಗಳು ಹಾಗೂ ಜಪಾನಿ ಮೂಲದವರ ಮತಗಳೂ ಅವರಿಗೆ ದೊರೆತವು. ಅದೇ ವರ್ಷ ಗಿಲ್ಬರ್ಟ್ ಲಿಂಡ್ಸೆ ಮತ್ತು ಬಿಲ್ಲಿ ಮಿಲ್ಸ್ ಅವರೂ ಪರಿಷತ್ತಿಗೆ ಬಂದುದರಿಂದ ಕಪ್ಪು ವರ್ಣೀಯ ಸದಸ್ಯರ ಸಂಖ್ಯೆ ಮೂರಾಯಿತು.

1965ರ ಆಗಸ್ಟ್ ತಿಂಗಳಿನಲ್ಲಿ ನಗರದ ವಾಟ್ಸ್ ಪ್ರದೇಶದಲ್ಲಿ ಪೊಲೀಸರು ವಾಹನ ಚಾಲಕನೊಬ್ಬನನ್ನು ಬಂಧಿಸಿದ ಸಂದರ್ಭದಲ್ಲಿ ಗಲಭೆ ಆರಂಭವಾಯಿತು. ಆರು ದಿನಗಳ ಗಲಭೆಯಲ್ಲಿ 34 ಮಂದಿ ಮೃತಪಟ್ಟರು. ಆಗಿನ ಮೇಯರ್ ಸ್ಯಾಮ್ ಯಾರ್ಟಿ ಮತ್ತು ಪೊಲೀಸ್ ಮುಖ್ಯಸ್ಥ ವಿಲಿಯಂ ಪಾರ್ಕರ್ ಅವರು ಇಲಾಖೆಯ ಕ್ರಮವನ್ನು ಸಮರ್ಥಿಸಿಕೊಂಡರು. ಬ್ರ್ಯಾಡ್ಲಿಯವರು ಇಲಾಖೆಯ ನಡವಳಿಕೆಯನ್ನು ಪರಿಷತ್ತಿನಲ್ಲಿ ಪ್ರಶ್ನಿಸಿದರು. ಇಲಾಖೆಯ ಒಳಗೆ 21 ವರ್ಷ ಇದ್ದು ಬಂದವರಾದ್ದರಿಂದ ಅವರ ಪ್ರಶ್ನೆಗಳನ್ನು ಅನುಭವವಿಲ್ಲದವರ ಮಾತೆಂದು ತಳ್ಳಿಹಾಕುವುದು ಕಷ್ಟವಾಗಿತ್ತು. ಆದರೆ ಇದೇ ಕಾರಣದಿಂದ ಹಳೆಯ ಸಹೋದ್ಯೋಗಿಗಳಲ್ಲಿ ಕೆಲವರ ಅಸಮಾಧಾನಕ್ಕೂ ಅವರು ಗುರಿಯಾದರು.

ಮೇಯರ್ ಚುನಾವಣೆಗಳು: 1969 ಮತ್ತು 1973

1969ರ ಮೊದಲ ಸುತ್ತಿನ ಮತದಾನದಲ್ಲಿ ಬ್ರ್ಯಾಡ್ಲಿಯವರಿಗೆ ಶೇ. 42ರಷ್ಟು ಮತಗಳು, ಅಧಿಕಾರದಲ್ಲಿದ್ದ ಯಾರ್ಟಿಯವರಿಗೆ ಶೇ. 26ರಷ್ಟು ಮತಗಳು ಬಂದವು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತಗಳು ಬಾರದ ಕಾರಣ ಎರಡನೆಯ ಸುತ್ತು ನಡೆಯಿತು. ಆ ಅವಧಿಯಲ್ಲಿ ಯಾರ್ಟಿಯವರು, ತಮ್ಮ ಎದುರಾಳಿಯು ಪೊಲೀಸರ ವಿರೋಧಿ ಹಾಗೂ ತೀವ್ರವಾದಿಗಳ ಬೆಂಬಲಿಗ ಎಂಬ ಪ್ರಚಾರ ಕೈಗೊಂಡರು. ಬದುಕಿನ ಎರಡು ದಶಕಗಳನ್ನು ಪೊಲೀಸ್ ಸಮವಸ್ತ್ರದಲ್ಲಿ ಕಳೆದ ಅಭ್ಯರ್ಥಿಯ ಮೇಲೆ ಈ ಆರೋಪ ಬಂದಿತು. ಎರಡನೆಯ ಸುತ್ತಿನಲ್ಲಿ ಶೇ. 53ರಷ್ಟು ಮತ ಪಡೆದ ಯಾರ್ಟಿಯವರು ಜಯಗಳಿಸಿದರು.

1973ರಲ್ಲಿ ಇಬ್ಬರೂ ಪುನಃ ಎದುರಾದರು. ಈ ಬಾರಿ ಬ್ರ್ಯಾಡ್ಲಿಯವರು ತಮ್ಮ ಪೊಲೀಸ್ ಸೇವೆಯ ವಿವರಗಳನ್ನು ದೂರದರ್ಶನದ ಪ್ರಚಾರದಲ್ಲಿ ಮತದಾರರ ಮುಂದಿಟ್ಟರು. ಮೇ 29ರಂದು ಸುಮಾರು ಶೇ. 56ರಷ್ಟು ಮತಗಳೊಂದಿಗೆ ಅವರು ಆಯ್ಕೆಯಾದರು. ಆಗ ನಗರದ ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರ ಪಾಲು ಸುಮಾರು ಶೇ. 18 ಮಾತ್ರ. ಹೀಗೆ ಅವರು ಲಾಸ್ ಏಂಜಲೀಸ್‌ನ ಮೊದಲ ಕಪ್ಪು ವರ್ಣೀಯ ಮೇಯರ್ ಆದರು. ನಂತರ 1977, 1981, 1985 ಮತ್ತು 1989ರಲ್ಲಿಯೂ ಪುನರಾಯ್ಕೆಯಾದರು.

ಮೇಯರ್ ಅವಧಿಯ ಪ್ರಮುಖ ಕಾರ್ಯಗಳು

1970ರಲ್ಲಿ ಸುಮಾರು 28 ಲಕ್ಷವಿದ್ದ ನಗರದ ಜನಸಂಖ್ಯೆಯು 1990ರ ವೇಳೆಗೆ ಸುಮಾರು 35 ಲಕ್ಷಕ್ಕೆ ಏರಿತು. ಈ ಅವಧಿಯಲ್ಲಿ ಬಂದರು ಮತ್ತು ವಿಮಾನ ನಿಲ್ದಾಣಗಳ ವಿಸ್ತರಣೆ ನಡೆಯಿತು ಹಾಗೂ ನಗರ ಮಧ್ಯದಲ್ಲಿ ಬಹುಮಹಡಿ ಕಟ್ಟಡಗಳು ತಲೆಯೆತ್ತಿದವು. ನಗರದ ವಿವಿಧ ಆಯೋಗಗಳಿಗೆ ಮಹಿಳೆಯರನ್ನು ಹಾಗೂ ಅಲ್ಪಸಂಖ್ಯಾತ ಸಮುದಾಯಗಳ ಪ್ರತಿನಿಧಿಗಳನ್ನು ನೇಮಿಸಲಾಯಿತು.

1984ರ ಒಲಿಂಪಿಕ್ ಕ್ರೀಡಾಕೂಟದ ಹಣಕಾಸಿನ ಏರ್ಪಾಡು ವಿಶೇಷವಾಗಿ ಉಲ್ಲೇಖಾರ್ಹ. 1976ರಲ್ಲಿ ಕ್ರೀಡಾಕೂಟ ನಡೆಸಿದ ಕೆನಡಾ ದೇಶದ ಮಾಂಟ್ರಿಯಲ್ ನಗರವು ಸಾಲದ ಹೊರೆಗೆ ಸಿಲುಕಿತು. ಆ ಸಾಲ ತೀರಿದ್ದು 2006ರಲ್ಲಿ. ಇದನ್ನು ಕಂಡ ಲಾಸ್ ಏಂಜಲೀಸ್ ಮತದಾರರು 1978ರಲ್ಲಿ, ಮರುಪಾವತಿಯ ಖಾತರಿಯಿಲ್ಲದೆ ನಗರದ ಹಣವನ್ನು ಕ್ರೀಡಾಕೂಟಕ್ಕೆ ವೆಚ್ಚ ಮಾಡದಂತೆ ನಿರ್ಬಂಧ ವಿಧಿಸಿದರು. ಆದುದರಿಂದ ಪೀಟರ್ ಯೂಬೆರಾತ್ ಅವರ ನೇತೃತ್ವದ ಖಾಸಗಿ ಸಮಿತಿಯು ಬಹುಮಟ್ಟಿಗೆ ಇದ್ದ ಕ್ರೀಡಾಂಗಣಗಳನ್ನೇ ಬಳಸಿ ಕೂಟವನ್ನು ನಡೆಸಿತು. ಲೆಕ್ಕ ಮುಗಿದಾಗ 20 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತ ಉಳಿಯಿತು. ಅದರ ಶೇ. 40ರಷ್ಟು ಭಾಗವನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಯುವಜನರ ಕ್ರೀಡಾ ಚಟುವಟಿಕೆಗಳಿಗೆ ಕಾದಿರಿಸಲಾಯಿತು.

ಎಲ್ಲ ಭರವಸೆಗಳೂ ಸಕಾಲದಲ್ಲಿ ಈಡೇರಲಿಲ್ಲ. 1973ರ ಚುನಾವಣೆಯಲ್ಲಿ, 18 ತಿಂಗಳೊಳಗೆ ನಗರ ರೈಲು ಮಾರ್ಗದ ಕಾಮಗಾರಿ ಆರಂಭಿಸುವುದಾಗಿ ಅವರು ತಿಳಿಸಿದ್ದರು. ಮೊದಲ ಮಾರ್ಗವು ಪ್ರಯಾಣಿಕರಿಗೆ ತೆರೆದಿದ್ದು 1990ರಲ್ಲಿ. ನಗರ ಮಧ್ಯವು ಬೆಳೆಯುತ್ತಿದ್ದಂತೆ, ಅವರನ್ನು ಮೊದಲಿನಿಂದ ಬೆಂಬಲಿಸಿದ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಕಾರ್ಖಾನೆಗಳು ಮುಚ್ಚಿ ನಿರುದ್ಯೋಗ ಹೆಚ್ಚಿತು. ಈ ಬಡಾವಣೆಗಳನ್ನು ನಿರ್ಲಕ್ಷಿಸಲಾಗಿದೆ ಎಂಬ ದೂರು ಅವರ ಕೊನೆಯ ಅವಧಿಯವರೆಗೂ ಕೇಳಿಬಂದಿತು.

ರಾಜ್ಯದ ಗವರ್ನರ್ ಹುದ್ದೆಗೆ ಸ್ಪರ್ಧೆ (1982 ಮತ್ತು 1986)

ಅಮೆರಿಕದ ರಾಜ್ಯಗಳ ಗವರ್ನರ್ ಹುದ್ದೆಯು ನಮ್ಮ ರಾಜ್ಯಪಾಲರ ಹುದ್ದೆಯಂತೆ ನೇಮಕದ ಹುದ್ದೆಯಲ್ಲ. ನೇರ ಮತದಾನದಿಂದ ಆಯ್ಕೆಯಾಗಿ, ನಮ್ಮ ಮುಖ್ಯಮಂತ್ರಿಗಳಂತೆ ರಾಜ್ಯದ ಆಡಳಿತವನ್ನು ನಡೆಸುವ ಹುದ್ದೆ ಅದು. 1982ರಲ್ಲಿ ಬ್ರ್ಯಾಡ್ಲಿಯವರು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಡ್ಯೂಕ್ಮೇಜಿಯನ್ ಅವರ ವಿರುದ್ಧ ಸ್ಪರ್ಧಿಸಿದರು. ಗೆದ್ದಿದ್ದರೆ ಅವರು ಅಮೆರಿಕದಲ್ಲಿ ಚುನಾವಣೆಯಿಂದ ಆಯ್ಕೆಯಾದ ಮೊದಲ ಕಪ್ಪು ವರ್ಣೀಯ ಗವರ್ನರ್ ಆಗುತ್ತಿದ್ದರು.

ಮತದಾನಕ್ಕೆ ಮುನ್ನ ನಡೆದ ಸಮೀಕ್ಷೆಗಳಲ್ಲಿ ಅವರು ಮುಂದಿದ್ದರು. ಮತದಾನದ ದಿನದ ಸಮೀಕ್ಷೆಗಳೂ ಅವರ ಗೆಲುವನ್ನೇ ಸೂಚಿಸಿದವು. ಆದರೆ ಅಂಚೆಯ ಮೂಲಕ ಬಂದ ಮತಗಳ ಎಣಿಕೆ ಮುಗಿದಾಗ, ಚಲಾವಣೆಯಾದ ಸುಮಾರು 78 ಲಕ್ಷ ಮತಗಳಲ್ಲಿ ಸುಮಾರು 93,000 ಮತಗಳ ಅಂತರದಿಂದ ಅವರು ಸೋತಿದ್ದರು. ಈ ಸೋಲಿನ ಕಾರಣಗಳ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಎದುರು ಪಕ್ಷವು ಅಂಚೆ ಮತದಾನಕ್ಕೆ ವ್ಯವಸ್ಥಿತವಾಗಿ ಪ್ರೋತ್ಸಾಹ ನೀಡಿತ್ತು. ಕೈಬಂದೂಕುಗಳ ನಿಯಂತ್ರಣ ಕುರಿತ ಪ್ರಸ್ತಾವವೊಂದು ಅದೇ ದಿನ ಜನಮತಕ್ಕೆ ಬಂದಿದ್ದು, ಅದರ ವಿರೋಧಿಗಳು ಹೆಚ್ಚಿನ ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದರು. ಇವಲ್ಲದೆ, ಸಮೀಕ್ಷೆಯವರ ಮುಂದೆ ಕಪ್ಪು ವರ್ಣೀಯ ಅಭ್ಯರ್ಥಿಗೆ ಬೆಂಬಲ ಸೂಚಿಸಿ, ಗುಪ್ತ ಮತದಾನದಲ್ಲಿ ಬೇರೆಯವರಿಗೆ ಮತ ನೀಡಿದವರೂ ಇದ್ದರೆಂಬ ವಾದವಿದೆ. ಇಂತಹ ವ್ಯತ್ಯಾಸವನ್ನು ಅಮೆರಿಕದ ಚುನಾವಣಾ ಅಧ್ಯಯನದಲ್ಲಿ ಬ್ರ್ಯಾಡ್ಲಿ ಪರಿಣಾಮ ಎಂದು ಕರೆಯಲಾಗುತ್ತದೆ. 1986ರಲ್ಲಿ ಅದೇ ಎದುರಾಳಿಯ ವಿರುದ್ಧ ಪುನಃ ಸ್ಪರ್ಧಿಸಿದ ಅವರು ಹೆಚ್ಚಿನ ಅಂತರದಿಂದ ಸೋತರು. ಕಪ್ಪು ವರ್ಣೀಯರೊಬ್ಬರು ಚುನಾವಣೆಯಿಂದ ಗವರ್ನರ್ ಆದದ್ದು 1989ರಲ್ಲಿ; ವರ್ಜೀನಿಯಾ ರಾಜ್ಯದಲ್ಲಿ ಡಗ್ಲಸ್ ವೈಲ್ಡರ್ ಅವರು ಆಯ್ಕೆಯಾದರು.

1989ರ ಆರೋಪ

ಬ್ರ್ಯಾಡ್ಲಿಯವರ ಹೆಸರಿಗೆ ಕುಂದು ತಂದ ಪ್ರಸಂಗವನ್ನೂ ಇಲ್ಲಿ ದಾಖಲಿಸುವುದು ಅವಶ್ಯಕ. ನಗರವು ಠೇವಣಿ ಇರಿಸಿದ್ದ ಬ್ಯಾಂಕೊಂದಕ್ಕೆ ಅವರು ಸಲಹೆಗಾರರಾಗಿದ್ದು, ಅದರಿಂದ 18,000 ಡಾಲರ್ ಸಂಭಾವನೆ ಪಡೆದಿದ್ದ ವಿಷಯ 1989ರಲ್ಲಿ ಬೆಳಕಿಗೆ ಬಂದಿತು. ಅವರು ಆ ಮೊತ್ತವನ್ನು ಹಿಂದಿರುಗಿಸಿದರು. ವಿಚಾರಣೆ ನಡೆಸಿದ ನಗರ ವಕೀಲರು ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಆದರೆ ಅವರ ಆರ್ಥಿಕ ಹಿತಾಸಕ್ತಿಗಳ ಘೋಷಣೆಯಲ್ಲಿ ಲೋಪಗಳಿದ್ದವೆಂದು ಕಂಡುಬಂದಿತು. ಹಣ ನೀಡಿದ ಸಂಸ್ಥೆ ಮತ್ತು ಹಣ ಪಡೆದ ಅಧಿಕಾರಸ್ಥರ ನಡುವಿನ ಸಂಬಂಧವು ದಾಖಲೆಯಲ್ಲಿ ಸ್ಪಷ್ಟವಾಗಿ ಇರಬೇಕು ಎಂಬುದು ಲೆಕ್ಕಪತ್ರದ ಮೂಲ ನಿಯಮ. ಈ ನಿಯಮದಲ್ಲಿ ಅವರು ಎಡವಿದರು ಎಂಬುದರಲ್ಲಿ ಸಂದೇಹವಿಲ್ಲ. ಈ ಘಟನೆಯ ನಂತರ, 1990ರ ಜೂನ್ ತಿಂಗಳಿನಲ್ಲಿ ಮತದಾರರು ಹೊಸ ನೀತಿ ಸಂಹಿತೆಗೆ ಒಪ್ಪಿಗೆ ನೀಡಿದರು ಮತ್ತು ಅದರ ಪಾಲನೆಗಾಗಿ ನಗರದಲ್ಲಿ ಪ್ರತ್ಯೇಕ ಆಯೋಗವೊಂದು ಸ್ಥಾಪನೆಯಾಯಿತು.

ಪೊಲೀಸ್ ಇಲಾಖೆಯ ಸುಧಾರಣೆ (1991–1992)

ಮೇಯರ್ ಆದ ಮಾತ್ರಕ್ಕೆ ಪೊಲೀಸ್ ಇಲಾಖೆಯು ಬ್ರ್ಯಾಡ್ಲಿಯವರ ಹತೋಟಿಗೆ ಬಂದಿರಲಿಲ್ಲ. 1930ರ ದಶಕದಲ್ಲಿ, ಭ್ರಷ್ಟ ರಾಜಕಾರಣಿಗಳು ಪೊಲೀಸರನ್ನು ದುರುಪಯೋಗಪಡಿಸಿಕೊಳ್ಳಬಾರದೆಂಬ ಸದುದ್ದೇಶದಿಂದ, ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಸೇವಾ ನಿಯಮಗಳ ರಕ್ಷಣೆ ನೀಡಲಾಗಿತ್ತು. ನಗರಾಡಳಿತದ ಮೂಲ ಕಾನೂನಾದ ನಗರ ಸನ್ನದಿನಲ್ಲಿಯೇ ಇದು ಸೇರಿತ್ತು. ಮೇಯರ್ ನೇಮಿಸುವ ಐವರು ಸದಸ್ಯರ ಪೊಲೀಸ್ ಆಯೋಗವಿದ್ದರೂ ಮುಖ್ಯಸ್ಥರನ್ನು ತೆಗೆಯುವುದು ಬಹುತೇಕ ಅಸಾಧ್ಯವಾಗಿತ್ತು. ರಾಜಕೀಯದಿಂದ ರಕ್ಷಿಸಲು ಮಾಡಿದ ನಿಯಮವು ಕಾಲಕ್ರಮೇಣ ಜವಾಬ್ದಾರಿಯಿಂದಲೂ ರಕ್ಷಿಸುವ ನಿಯಮವಾಯಿತು. 1978ರಿಂದ ಮುಖ್ಯಸ್ಥರಾಗಿದ್ದ ಡ್ಯಾರಿಲ್ ಗೇಟ್ಸ್ ಅವರಿಗೂ ಮೇಯರ್ ಅವರಿಗೂ ಹೊಂದಾಣಿಕೆ ಇರಲಿಲ್ಲ.

1991ರ ಮಾರ್ಚ್ 3ರಂದು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಪೊಲೀಸರು ಥಳಿಸಿದ ದೃಶ್ಯವನ್ನು ನಾಗರಿಕರೊಬ್ಬರು ವಿಡಿಯೊದಲ್ಲಿ ಸೆರೆಹಿಡಿದರು. ಬ್ರ್ಯಾಡ್ಲಿಯವರು ವಾರನ್ ಕ್ರಿಸ್ಟೋಫರ್ ಅವರ ಅಧ್ಯಕ್ಷತೆಯಲ್ಲಿ ತನಿಖಾ ಆಯೋಗವನ್ನು ನೇಮಿಸಿದರು ಹಾಗೂ ಗೇಟ್ಸ್ ಅವರಿಗೆ ರಾಜೀನಾಮೆ ನೀಡುವಂತೆ ಸೂಚಿಸಿದರು. ಗೇಟ್ಸ್ ಅವರು ಒಪ್ಪಲಿಲ್ಲ. ನಂತರ ಒಂದು ವರ್ಷಕ್ಕೂ ಹೆಚ್ಚು ಕಾಲ ನಗರದ ಮೇಯರ್ ಮತ್ತು ಪೊಲೀಸ್ ಮುಖ್ಯಸ್ಥರ ನಡುವೆ ಮಾತುಕತೆಯೇ ಇರಲಿಲ್ಲ.

ಆಯೋಗವು 1991ರ ಜುಲೈ ತಿಂಗಳಿನಲ್ಲಿ ವರದಿ ಸಲ್ಲಿಸಿತು. 1986ರಿಂದ 1990ರವರೆಗೆ ಅತಿಯಾದ ಬಲಪ್ರಯೋಗದ ಬಗ್ಗೆ ನಾಗರಿಕರು ಮಾಡಿದ 2,152 ಆರೋಪಗಳಲ್ಲಿ ಇಲಾಖೆಯು ಸಾಬೀತಾಗಿದೆಯೆಂದು ಒಪ್ಪಿದ್ದು 42ನ್ನು ಮಾತ್ರ. ಎಂದರೆ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಆರು ಅಥವಾ ಹೆಚ್ಚು ಬಾರಿ ಇಂತಹ ಆರೋಪಕ್ಕೆ ಒಳಗಾದ 44 ಮಂದಿ ಪೊಲೀಸರನ್ನು ವರದಿಯು ಗುರುತಿಸಿತು. ದೂರು ನೀಡಲು ಠಾಣೆಗೆ ಬಂದವರನ್ನು ಬಹಳ ಹೊತ್ತು ಕಾಯಿಸುವುದು, ಅವರ ಭಾಷೆ ಬಲ್ಲ ಸಿಬ್ಬಂದಿ ಇಲ್ಲದಿರುವುದು ಮೊದಲಾದ ಕಾರಣಗಳಿಂದ ಜನರು ದೂರು ನೀಡಲು ಹಿಂಜರಿಯುವಂತಾಗಿತ್ತು ಎಂದೂ ವರದಿಯು ತಿಳಿಸಿತು. ಮುಖ್ಯಸ್ಥರ ಅಧಿಕಾರಾವಧಿಯನ್ನು ತಲಾ ಐದು ವರ್ಷಗಳ ಎರಡು ಅವಧಿಗೆ ಮಿತಿಗೊಳಿಸಬೇಕೆಂದು ಶಿಫಾರಸು ಮಾಡಲಾಯಿತು.

ಶಿಫಾರಸು ಜಾರಿಯಾಗುವ ಮುನ್ನವೇ ಅನಾಹುತ ಸಂಭವಿಸಿತು. 1992ರ ಏಪ್ರಿಲ್ 29ರಂದು ನ್ಯಾಯಾಲಯವು ನಾಲ್ವರು ಪೊಲೀಸರನ್ನು ಬಹುತೇಕ ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿದ ಕೂಡಲೇ ನಗರದಲ್ಲಿ ಗಲಭೆ ಭುಗಿಲೆದ್ದಿತು. 50ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಸುಮಾರು 100 ಕೋಟಿ ಡಾಲರ್ ಮೌಲ್ಯದ ಆಸ್ತಿ ನಷ್ಟವಾಯಿತು. ತೀರ್ಪಿನ ಬಗ್ಗೆ ಮೇಯರ್ ಅವರು ಬಹಿರಂಗವಾಗಿ ವ್ಯಕ್ತಪಡಿಸಿದ ಅಸಮ್ಮತಿಯೂ ಜನರನ್ನು ಕೆರಳಿಸಿತೆಂದು ಕೆಲವರು ಟೀಕಿಸಿದರು. ವಾಟ್ಸ್ ಗಲಭೆಯ ನಂತರ ಪರಿಷತ್ತಿನಲ್ಲಿ ಎದ್ದುನಿಂತು ಪ್ರಶ್ನೆ ಕೇಳಿದವರು, 27 ವರ್ಷಗಳ ನಂತರ ಅದಕ್ಕಿಂತ ದೊಡ್ಡ ಗಲಭೆಗೆ ಮೇಯರ್ ಆಗಿ ಉತ್ತರ ಹೇಳಬೇಕಾದ ಸ್ಥಾನದಲ್ಲಿದ್ದರು.

1992ರ ಜೂನ್ 2ರಂದು ಸನ್ನದಿನ ತಿದ್ದುಪಡಿಯನ್ನು ಮತದಾರರ ಮುಂದಿಡಲಾಯಿತು. ಭಾರಿ ಬಹುಮತದಿಂದ ಅದು ಅಂಗೀಕಾರವಾಯಿತು. ಪೊಲೀಸ್ ಮುಖ್ಯಸ್ಥರಿಗೆ ಅವಧಿಯ ಮಿತಿ ಬಂದಿತು ಮತ್ತು ಹಳೆಯ ಸೇವಾ ರಕ್ಷಣೆ ರದ್ದಾಯಿತು. ಗೇಟ್ಸ್ ಅವರು ನಿರ್ಗಮಿಸಿದ ನಂತರ ವಿಲ್ಲಿ ವಿಲಿಯಮ್ಸ್ ಅವರು ಇಲಾಖೆಯ ಮೊದಲ ಕಪ್ಪು ವರ್ಣೀಯ ಮುಖ್ಯಸ್ಥರಾದರು. ಲೆಫ್ಟಿನೆಂಟ್ ದರ್ಜೆಯ ಮೇಲೆ ಬ್ರ್ಯಾಡ್ಲಿಯವರಿಗೆ ದಾರಿಯಿಲ್ಲದಿದ್ದ ಇಲಾಖೆಯಲ್ಲಿ ಈ ಬದಲಾವಣೆ ಆಗಲು ಅವರು ಸೇವೆಗೆ ಸೇರಿದ ದಿನದಿಂದ 52 ವರ್ಷಗಳು ಬೇಕಾದವು.

ನಿವೃತ್ತಿ ಮತ್ತು ನಿಧನ

ಆರನೆಯ ಬಾರಿಗೆ ಸ್ಪರ್ಧಿಸುವುದಿಲ್ಲವೆಂದು 1992ರ ಸೆಪ್ಟೆಂಬರ್ ತಿಂಗಳಿನಲ್ಲಿ ಪ್ರಕಟಿಸಿದ ಬ್ರ್ಯಾಡ್ಲಿಯವರು 1993ರಲ್ಲಿ ಅಧಿಕಾರದಿಂದ ನಿವೃತ್ತರಾಗಿ ಪುನಃ ವಕೀಲ ವೃತ್ತಿಗೆ ಮರಳಿದರು. 1996ರಲ್ಲಿ ಹೃದಯಾಘಾತಕ್ಕೊಳಗಾಗಿ ಶಸ್ತ್ರಚಿಕಿತ್ಸೆ ಪಡೆದ ನಂತರ ಪಾರ್ಶ್ವವಾಯು ತಗುಲಿ ಅವರ ಮಾತು ನಿಂತುಹೋಯಿತು. 1998ರ ಸೆಪ್ಟೆಂಬರ್ 29ರಂದು ತಮ್ಮ 80ನೆಯ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು.

ಉಪಸಂಹಾರ

ಬ್ರ್ಯಾಡ್ಲಿಯವರ ನಂತರ ಲಾಸ್ ಏಂಜಲೀಸ್‌ಗೆ ಎರಡನೆಯ ಕಪ್ಪು ವರ್ಣೀಯ ಮೇಯರ್ ಆಗಿ ಕ್ಯಾರೆನ್ ಬ್ಯಾಸ್ ಅವರು ಆಯ್ಕೆಯಾದದ್ದು 2022ರಲ್ಲಿ. ಪೊಲೀಸ್ ಮುಖ್ಯಸ್ಥರ ಅವಧಿಯನ್ನು ಮಿತಿಗೊಳಿಸುವ ನಿಯಮವು ಇಂದಿಗೂ ಜಾರಿಯಲ್ಲಿದೆ. ಇಲಾಖೆಯ ಒಳಗಿದ್ದಾಗ ಲೆಫ್ಟಿನೆಂಟ್ ಆಗಿ, ಪರಿಷತ್ತಿನಲ್ಲಿ ಸದಸ್ಯರಾಗಿ, ಕೊನೆಗೆ ಮೇಯರ್ ಆಗಿ ಅವರು ಒಂದೇ ಬದಲಾವಣೆಗಾಗಿ ಪ್ರಯತ್ನಿಸಿದರು. ಅದು ಕೈಗೂಡಿದ್ದು ಅವರ ಹುದ್ದೆಯ ಬಲದಿಂದಲ್ಲ. ನಾಗರಿಕರು ನೀಡಿದ ದೂರುಗಳನ್ನು ಒಂದೊಂದಾಗಿ ಎಣಿಸಿ ವರದಿ ಸಿದ್ಧಪಡಿಸಿದ ಮೇಲೆ, ಅದೇ ನಾಗರಿಕರು ಮತ ಚಲಾಯಿಸಿ ನಿಯಮವನ್ನು ತಿದ್ದಿದ್ದರಿಂದ. ಆ 2,152 ಆರೋಪಗಳು ಸಲ್ಲಿಕೆಯಾದಾಗ ಬಹುತೇಕ ಎಲ್ಲವೂ ತಿರಸ್ಕೃತವಾಗಿದ್ದವು. ಆದರೆ ಅವು ದಾಖಲೆಯಲ್ಲಿ ಉಳಿದಿದ್ದವು. ಸಲ್ಲಿಸಿದ ಅರ್ಜಿಗೆ ಅಥವಾ ದೂರಿಗೆ ಕೂಡಲೇ ಫಲ ದೊರೆಯದಿದ್ದರೂ ಅದನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆದಿರುವುದು ವ್ಯರ್ಥವಲ್ಲ ಎಂಬುದನ್ನು ನಾಗರಿಕರು ಗಮನಿಸಬಹುದಾಗಿದೆ.